ತತ್ತಿಯಾಟದ ನೊಗದವರು

ಮೊನ್ನೆ ರೋಣದ ಕಿರಾಣಿ ಅಂಗಡಿಯಲ್ಲಿ ತತ್ತಿ ಕೊಳ್ಳುತ್ತಿದ್ದೆ. ಅಂಗಡಿಯಾತ ಚೀಲ ಕೊಡುತ್ತ, "ಜ್ವಾಕಿರಿ ಅಕ್ಕಾರ, ಕೈ ಬಿಟ್ಟೀರಿ ಮತ್ತ" ಎಂದ. ಅಷ್ಟಕ್ಕೇ ನನ್ನ ಕಣ್ಣು ತುಂಬಿದವು. ತತ್ತಿಗಾಗಿ ಅಳುವ ಹೆಂಗಸನ್ನು ಆತ ಮೊದಲ ಸಲ ನೋಡಿರಬೇಕು.

ನಿಮಗೆ ಹೇಳುತ್ತೇನೆ, ನಗಬೇಡಿ. ಗಜೇಂದ್ರಗಡದ ಕಾಲೇಜಿನಲ್ಲಿ ನಾನು ರಗ್ಬಿ ಆಡುತ್ತಿದ್ದೆ. ಆ ಹೆಸರು ನಮ್ಮ ನಾಲಿಗೆಗೆ ಒಗ್ಗಲಿಲ್ಲ. ಉದ್ದನೆಯ ಚೆಂಡು ತತ್ತಿಯಾಯಿತು, ಆಟ ತತ್ತಿಯಾಟವಾಯಿತು. ಎದುರಾಳಿ ನಮ್ಮನ್ನು ನೆಲಕ್ಕೆ ಕೆಡವಿದರೆ ಅದು 'ಎರಿ ತಿನ್ನೋದು'. ನಮ್ಮ ಕಪ್ಪು ಎರೆಮಣ್ಣನ್ನು ನನ್ನಷ್ಟು ತಿಂದವರು ತಂಡದಲ್ಲೇ ಇರಲಿಲ್ಲ. ಹಿಂದಿನಿಂದ ಓಡುವವರು 'ಕುದುರಿ'ಗಳು. ಮುಂದೆ ಹೆಗಲಿಗೆ ಹೆಗಲು ಹೆಣೆದು, ತಲೆ ತಗ್ಗಿಸಿ ಎದುರಿನವರನ್ನು ನೂಕುವ ನಾವು 'ನೊಗದವರು'.

ನನ್ನ ನೊಗದ ಜೋಡಿ ಮೆಹಬೂಬಿ, ಗಾದಿ ಹೊಲಿಯುವವರ ಮನೆಯ ಹುಡುಗಿ. "ಆಟದ ಮ್ಯಾಲೆ ಪೊಲೀಸ್ ನೌಕರಿ ಹಿಡೀತೀನಿ ನೋಡ" ಎನ್ನುತ್ತಿದ್ದಳು. ನೊಗದವರಿಗೆ ಒಂದೇ ಕಟ್ಟುಪಾಡು: ಇಬ್ಬರೂ ಎದ್ದು ನಿಲ್ಲುವವರೆಗೆ ಜೋಡಿಯ ಹೆಗಲು ಬಿಡಬಾರದು.

ನರಗುಂದದ ಪಂದ್ಯದಲ್ಲಿ ನಾನು ಬಿಟ್ಟೆ. ಎದುರಿನವರು ನುಗ್ಗಿದಾಗ ಹೆದರಿ ಕೈ ಸಡಿಲಿಸಿದೆ. ಅಷ್ಟೂ ಭಾರ ಮೆಹಬೂಬಿಯ ಮೇಲೆ ಬಿತ್ತು, ಮೊಣಕಾಲು ಹೋಯಿತು. "ನಾನಽ ಜಾರಿದ್ನಿರಿ ಸರ" ಎಂದು ಅವಳೇ ಎಲ್ಲರೆದುರು ಹೇಳಿದಳು. ನಾನು ಬಾಯಿ ಬಿಡಲಿಲ್ಲ. ಪೊಲೀಸ್ ನೌಕರಿಯ ಆಸೆ ಅಲ್ಲಿಗೇ ಮುಗಿಯಿತು. ಅವಳು ಮನೆಯಲ್ಲಿ ಗಾದಿ ಹೊಲಿಯಲು ಕೂತಳು.

ಅವಳೆದುರು ತಪ್ಪು ಒಪ್ಪಿಕೊಳ್ಳಲು ನಾಳೆ ಹೋದರಾಯಿತು, ನಾಳೆ ಹೋದರಾಯಿತು ಎಂದು ನಾನು ಹದಿನಾಲ್ಕು ವರ್ಷ ತಳ್ಳಿದೆ. ಗಜೇಂದ್ರಗಡಕ್ಕೆ ಹೋದಾಗಲೂ ಅವರ ಓಣಿ ತಪ್ಪಿಸಿ ಸುತ್ತು ಹಾಕುತ್ತಿದ್ದೆ. ಹೋದ ತಿಂಗಳು ಅವಳು ಕಾಮಾಲೆಯಿಂದ ತೀರಿಕೊಂಡಳೆಂದು ಸುದ್ದಿ ಬಂತು. ಆಗಲೂ ಹೋಗಲಿಲ್ಲ. ನಾಚಿಕೆಯಾಗುತ್ತದೆ ಹೇಳಲಿಕ್ಕೆ.

ಮೊನ್ನೆ ತತ್ತಿಯ ಚೀಲ ಮನೆಯಲ್ಲಿಟ್ಟು ಗಜೇಂದ್ರಗಡದ ಬಸ್ಸು ಹತ್ತಿದೆ. ಮೆಹಬೂಬಿಯ ತಾಯಿ ಬಾಗಿಲಲ್ಲೇ ಗುರುತು ಹಿಡಿದರು. "ನಮ್ಮ ಹುಡುಗಿ ನೊಗದಾಕಿ ಅಲ್ಲೇನವಾ ನೀ?"

ಕೂಡುವ ಮೊದಲೇ ಹೇಳಿಬಿಟ್ಟೆ: "ಅಮ್ಮಾ, ಅಕಿ ಜಾರಿರಲಿಲ್ಲ. ನಾನಽ ಕೈ ಬಿಟ್ಟಿದ್ನಿರಿ."

"ಗೊತ್ತೈತವಾ. ಅವತ್ತ ಸಂಜೀಕಽ ನನ್ನ ಮುಂದ ಹೇಳಿದ್ಲು" ಎಂದರು ಅವರು, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ. "ಸಿಟ್ಟೇನಿರಲಿಲ್ಲ ಅಕಿಗೆ. ಖರೇ ಹೇಳ್ತೀನಿ, ನೀ ಬರ್ತಿ, ಬರ್ತಿ ಅಂತ ಭಾಳ ವರ್ಷ ಬಾಗಲಾ ನೋಡಿದ್ಲು."

ಬೈದಿದ್ದರೆ ಹಗುರಾಗುತ್ತಿದ್ದೆನೇನೋ. ಅವರು ಬೈಯಲಿಲ್ಲ, ಮೆಹಬೂಬಿ ಹೊಲಿದ ಗಾದಿಯ ಮೇಲೆ ಕೂರಿಸಿ ಚಹಾ ಕೊಟ್ಟರು. ನಾನು ಹೊರಟಾಗ ಕಳಿಸಿಕೊಡಲು ಏಳಹೋದವರಿಗೆ ಕಾಲು ಹಿಡಿದುಕೊಂಡಿತು. ಬಗ್ಗಿ ಹೆಗಲು ಕೊಟ್ಟೆ. ಅವರು ನೆಟ್ಟಗೆ ಎದ್ದು ನಿಲ್ಲುವವರೆಗೆ ಬಿಡಲಿಲ್ಲ.