ಟ್ರಾಮ್ ವೆಂಡೆಲ್‌ನ ಕಥೆಯಾಟ

ಭಾನುವಾರ ಮಧ್ಯಾಹ್ನದ ಊಟದ ಪಾತ್ರೆಗಳನ್ನು ಪಿರೋಷ್ಕಾ ಅತ್ತೆ ತೊಳೆದಿಟ್ಟ ಮೇಲೆ ಆಕೆಯ ಅಡುಗೆಮನೆಯ ಮೇಜು ನಮ್ಮದಾಗುತ್ತಿತ್ತು. ಮಿಶ್ಕೋಲ್ಟ್ಸ್ ಪಟ್ಟಣದ ಉಕ್ಕಿನ ಕಾರ್ಖಾನೆಯ ಹಿಂದಿನ ವಠಾರ, ನಾಲ್ಕನೇ ಮಹಡಿ. ಆಕೆಯ ಗಂಡ ವೆಂಡೆಲ್ ಅಲ್ಲಿ ನಮಗೆ ಕಥೆಯಾಟ ಆಡಿಸುತ್ತಿದ್ದ. ವಾರವೆಲ್ಲ ಟ್ರಾಮ್ ಓಡಿಸುವ ಮನುಷ್ಯ. ಹಳಿ ಹೋದಲ್ಲಿಗೆ ಹೋಗುವ ಕೆಲಸ. ಅದಕ್ಕೇ ಇರಬೇಕು, ಭಾನುವಾರ ಎಲ್ಲಿಗೆ ಹೋಗೋಣವೆಂದು ನಮ್ಮನ್ನೇ ಕೇಳುತ್ತಿದ್ದ.

ಅವನು ಕಾಡನ್ನೋ ದೋಣಿಕಟ್ಟೆಯನ್ನೋ ಬಾಯಲ್ಲೇ ಕಟ್ಟಿ ನಿಲ್ಲಿಸುವನು. ನಾವು ಅದರೊಳಗಿನ ಜನ. ನಾವು ಮಾಡುತ್ತೇವೆಂದ ಕೆಲಸ ಕೈಗೂಡಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತಿತ್ತು. ಉಳಿದದ್ದನ್ನೆಲ್ಲ ವೆಂಡೆಲ್‌ನ ಗಂಟಲು ಹೇಳುತ್ತಿತ್ತು. ಸುಂಕದವನ ಕೆಮ್ಮು, ರಾಣಿಯ ಬಿಂಕ, ಕುಂಟ ಕತ್ತೆಯ ಗೊಣಗಾಟ, ಎಲ್ಲವೂ ಅದೊಂದೇ ಗಂಟಲಿನಿಂದ.

ನಾವು ಮೂವರು, ಮೂರು ದಿಕ್ಕು. ಉಕ್ಕಿನ ಕಾರ್ಖಾನೆಯಲ್ಲಿ ಕೆಲಸ ಕಳೆದುಕೊಂಡಿದ್ದ ಅಲಾದಾರ್‌ಗೆ ಕತ್ತಿ ಬೀಸುವುದೇ ಆಟ. ಔಷಧದಂಗಡಿಯ ಹಾಯ್ನಲ್ಕಾಗೆ ಮಾತು ಬೇಕು, ಕಣ್ಣೀರು ಬೇಕು, ಯಾರದಾದರೂ ಗುಟ್ಟು ಬೇಕು. ಎಮೋಕೆ ಎಂಬ ನನಗೆ ಮುಂದಿನ ಗುಡ್ಡದಾಚೆ ಏನಿದೆಯೆಂದು ನೋಡಿದರೆ ಸಾಕು.

ಒಂದು ಭಾನುವಾರ ಹಾಯ್ನಲ್ಕಾ ಅಂಬಿಗನ ವಿಧವೆಯೊಬ್ಬಳ ಜೊತೆ ಮಾತಿಗೆ ಕೂತವಳು ಏಳಲೇ ಇಲ್ಲ. ವಿಧವೆಯ ದನಿಯಲ್ಲಿ ವೆಂಡೆಲ್ ಅಳುತ್ತಿದ್ದ, ಇವಳೂ ಅಳುತ್ತಿದ್ದಳು. ಅಲಾದಾರ್ ದಾಳವನ್ನು ಮೇಜಿನ ಮೇಲೆ ಕುಕ್ಕಿದ.

“ವಾರಪೂರ್ತಿ ಕೆಲಸ ಕೊಡಿ ಅಂತ ಕ್ಯೂ ನಿಂತು ಬರ್ತೀನಿ ಕಣಮ್ಮ. ಇಲ್ಲಾದ್ರೂ ಒಬ್ಬನಿಗೆ ಬಾರಿಸೋಣ ಅಂದ್ರೆ, ನೀನು ಸಾವಿನ ಮನೆ ಮಾಡಿಟ್ಟಿದ್ದೀಯ.”

“ನಿಂಗೆ ಬಾರಿಸೋಕೆ ಗೋಡೆ ಇದೆಯಲ್ಲ, ಹೋಗಿ ಬಾರಿಸ್ಕೋ,” ಎಂದಳು ಹಾಯ್ನಲ್ಕಾ, ಕಣ್ಣೊರೆಸಿಕೊಳ್ಳುತ್ತಲೇ.

ಅವನು ಕೋಟು ತೊಟ್ಟು ಇಳಿದು ಹೋದ. ಮುಂದಿನ ವಾರ ಬರಲಿಲ್ಲ.

ವೆಂಡೆಲ್ ಯಾರಿಗೂ ಬುದ್ಧಿ ಹೇಳಲಿಲ್ಲ. ಕೆಲಸ ಮುಗಿಸಿಕೊಂಡು, ಟ್ರಾಮ್ ಸಮವಸ್ತ್ರದಲ್ಲೇ ಅಲಾದಾರ್‌ನ ಮನೆಗೆ ಹೋಗಿ, ಅವನ ಕೆಟ್ಟ ರೇಡಿಯೊ ಬಿಚ್ಚುವುದಕ್ಕೆ ಕೈಜೋಡಿಸಿ ಕೂತನಂತೆ. ಎದ್ದು ಹೊರಡುವಾಗ, “ಸೇತುವೆ ಕಾಯೋಕೆ ಒಬ್ಬ ಬೇಕಾಗಿತ್ತು, ನೋಡಪ್ಪ,” ಎಂದಷ್ಟೇ ಹೇಳಿದನಂತೆ.

ಅಲಾದಾರ್ ಬಂದ. ಆ ಭಾನುವಾರದ ಆಟದಲ್ಲಿ ವಿಧವೆಯ ತಮ್ಮ ದರೋಡೆಕೋರರ ಗುಂಪು ಕಟ್ಟಿಕೊಂಡು ಹಳ್ಳಿಗೆ ನುಗ್ಗುತ್ತಿದ್ದ. ತಮ್ಮನನ್ನು ತಡೆಯುವ ಮಾತು ಒಂದಿದ್ದರೆ ಅದು ಅಕ್ಕನ ಬಾಯಲ್ಲಿತ್ತು. ಆಕೆಯ ನಂಬಿಕೆ ಗಳಿಸಿದ್ದವಳು ಹಾಯ್ನಲ್ಕಾ ಒಬ್ಬಳೇ. ಆಕೆಯನ್ನು ಒಪ್ಪಿಸಿ ಕರೆತರುವತನಕ ಅಲಾದಾರ್ ಒಬ್ಬನೇ ಸೇತುವೆ ಕಾಯುತ್ತಾ ನಿಲ್ಲಬೇಕು. ಗುಡ್ಡದ ಬೆನ್ನಿಗೆ ಯಾರೂ ತುಳಿಯದ ಆಡಿನ ಜಾಡೊಂದಿತ್ತು, ಅದರಲ್ಲಿ ಅವರಿಬ್ಬರಿಗೆ ದಾರಿ ಹುಡುಕುವುದು ನನ್ನ ಪಾಲು. ಮೂವರೂ ಬೆವರಿದೆವು. ಕೊನೆಗೆ ಅಲಾದಾರ್ ಏದುಸಿರಿನಲ್ಲಿ, “ಬೇಗ ಮಾತಾಡೇ ತಾಯಿ, ತೋಳು ಬಿದ್ದು ಹೋಗ್ತಿದೆ,” ಎಂದಾಗ ಪಿರೋಷ್ಕಾ ಅತ್ತೆ ಬಿಸಿಬಿಸಿ ಪೊಗಾಚ ಬನ್ನುಗಳ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟಿದ್ದಳು. ಪೊಗಾಚ ಆರಿಹೋಯಿತು. ಯಾರೂ ಕೈಹಾಕಲಿಲ್ಲ.

ಹಾಗೆ ವರ್ಷಗಳು ಹೋದವು. ಕಾರ್ಖಾನೆಯ ಚಿಮಣಿಗಳು ತಣ್ಣಗಾದವು, ನನಗೆ ಮದುವೆಯಾಯಿತು, ಅಲಾದಾರ್‌ಗೆ ಬೇಕರಿಯ ವ್ಯಾನ್ ಓಡಿಸುವ ಕೆಲಸ ಸಿಕ್ಕಿತು. ಆಮೇಲೆ ವೆಂಡೆಲ್‌ನ ಗಂಟಲಲ್ಲಿ ಗಡ್ಡೆ ಕಾಣಿಸಿಕೊಂಡಿತು. ಜೀವ ಉಳಿಯಿತು, ದನಿ ಉಳಿಯಲಿಲ್ಲ. ಆಸ್ಪತ್ರೆಯಲ್ಲಿ ಅವನ ಕುತ್ತಿಗೆಯ ಪಟ್ಟಿಯನ್ನು ನೋಡಲಾರದೆ ನಾನು ಕಿಟಕಿ ನೋಡುತ್ತಾ ನಿಂತಿದ್ದೆ. ಭಾನುವಾರಗಳು ಮುಗಿದವೆಂದು ಮೂವರೂ ಒಳಗೊಳಗೇ ಅಂದುಕೊಂಡೆವು.

ವಸಂತದಲ್ಲಿ ಪಿರೋಷ್ಕಾ ಅತ್ತೆ ಫೋನ್ ಮಾಡಿದಳು. “ಮೇಜು ಒರೆಸಿ ಕೂತಿದ್ದಾನೆ ನಿಮ್ಮ ಮಾಮ. ಬರ್ತೀರೋ, ಇಲ್ಲಾ ನಾನೇ ಅವನ ಜೊತೆ ಆಟಕ್ಕೆ ಕೂತು ದೆವ್ವಗಳನ್ನ ಹೊಡೀಲೋ?”

ಹೋದೆವು. ವೆಂಡೆಲ್ ನಕ್ಷೆ ಹಾಸಿದ. ಅಂಗಿ ಗುಂಡಿಗಳ ಡಬ್ಬಿ ತೆಗೆದು, ನಾವು ನಡೆಯಬೇಕಾದ ಹಳ್ಳಿಯಲ್ಲಿ ಒಂದು ಕಪ್ಪು ಗುಂಡಿ ಇಟ್ಟ. ಸೊಂಟ ಬಗ್ಗಿಸಿ, ಕೋಲೂರುವಂತೆ ಮಾಡಿ ತೋರಿಸಿದ: ಮುದುಕಿ. ಅವನ ಕಾಯಿಲೆಗೆ ಮುಂಚಿನ ಆಟದಲ್ಲಿ ನಾವು ಕೊಂದಿದ್ದ ಸೈನಿಕನ ಗುರುತಾಗಿ ನಕ್ಷೆಯಲ್ಲಿ ಬರೆದಿದ್ದ ಗುರಾಣಿಯ ಮೇಲೆ ಬೆರಳಿಟ್ಟ: ಅವನ ತಾಯಿ. ಆಮೇಲೆ ಆ ಗುಂಡಿಯನ್ನು ಮೆಲ್ಲಗೆ ತಳ್ಳಿ ಅಲಾದಾರ್‌ನ ಮುಂದೆ ನಿಲ್ಲಿಸಿದ.

“ನಾನಾ? ಮುದುಕಿಯಾಗ್ಲಾ? ಮಾಮ, ತಮಾಷೆ ಬೇಡ. ಹಾಯ್ನಲ್ಕಾಗೆ ಕೊಡು.”

ವೆಂಡೆಲ್ ತಲೆಯಾಡಿಸಿ ಬೇಡವೆಂದ. ಹಾಯ್ನಲ್ಕಾಳ ಮುಂದೆ, ಕತ್ತಿ ಬೀಸುವಾಗ ಅಲಾದಾರ್ ಉರುಳಿಸುತ್ತಿದ್ದ ದಾಳಗಳನ್ನು ಇಟ್ಟ.

ಅಲಾದಾರ್ ಗುಂಡಿಯನ್ನು ಹೆಬ್ಬೆರಳಿನಿಂದ ತಿರುಗಿಸುತ್ತಾ ಕೂತ. ಆಮೇಲೆ ತಲೆ ಎತ್ತದೆ ಹೇಳಿದ: “ಒಳಗೆ ಬನ್ನಿ ಮಕ್ಕಳೆ. ಕಾಲೊರೆಸ್ಕೊಂಡು ಬನ್ನಿ. ನನ್ನ ಮಗನೂ ಹೀಗೇ ಮಣ್ಣು ಮೆತ್ಕೊಂಡು ಬರ್ತಿದ್ದ. ನೀವು ಅವನನ್ನ ಎಲ್ಲಾದ್ರೂ ಕಂಡ್ರಾ?”

ಹಾಯ್ನಲ್ಕಾ ಬಾಯಿಗೆ ಕೈ ಅಡ್ಡ ಹಿಡಿದಳು. ನಾನು ಆ ಮುದುಕಿಯ ಮನೆಯ ಹೊಸಿಲಲ್ಲಿ ನಿಂತೇ ಇದ್ದೆ; ಗುಡ್ಡದಾಚೆ ಏನಿದೆಯೆಂಬುದು ಆ ದಿನ ನನಗೆ ಬೇಕಾಗಿರಲಿಲ್ಲ. ವೆಂಡೆಲ್ ಗಲ್ಲಕ್ಕೆ ಕೈಕೊಟ್ಟು, ಮೊದಲ ಬಾರಿಗೆ ತಾನೇ ಕಥೆ ಕೇಳುವವನಾಗಿ ಕೂತಿದ್ದ.

ಮುದುಕಿಯ ಪಾತ್ರವನ್ನು ಬೇಕೆಂದೇ ಅಲಾದಾರ್‌ಗೆ ಕೊಟ್ಟೆಯಾ ಎಂದು ಇನ್ನೊಂದು ದಿನ ವೆಂಡೆಲ್‌ನನ್ನು ಕೇಳಿದೆ. ಭುಜ ಕುಣಿಸಿ, ನನ್ನ ಲೋಟಕ್ಕೆ ರಾಸ್‌ಬೆರಿ ಸೋಡ ಬಗ್ಗಿಸಿದ.

ಆರು ವರ್ಷ ಹಾಗೆ ಆಡಿದೆವು. ಅವನು ಬೆರಳಲ್ಲಿ ಹೇಳಿದ, ನಾವು ಬಾಯಲ್ಲಿ. ಕೊನೆಕೊನೆಗೆ ಆಟದ ನಡುವೆಯೇ ನಿದ್ದೆ ಹೋಗುತ್ತಿದ್ದ. ನಾವು ಪಿಸುಗುಟ್ಟತೊಡಗಿದರೆ ಪಿರೋಷ್ಕಾ ಅತ್ತೆ ಬೈಯುವಳು: “ಜೋರಾಗೇ ಆಡ್ರೋ. ಸದ್ದು ನಿಂತ್ರೆ ಎಚ್ಚರ ಆಗ್ಬಿಡತ್ತೆ ಅವನಿಗೆ.”

ವೆಂಡೆಲ್ ತೀರಿಹೋದ ಮೇಲೆ ಗುಂಡಿಗಳ ಡಬ್ಬಿಯನ್ನು ಆಕೆ ಅಲಾದಾರ್‌ಗೆ ಕೊಟ್ಟಳು. ಈಗ ಬಡಾವಣೆಯ ಸಾಂಸ್ಕೃತಿಕ ಭವನದಲ್ಲಿ ಅವನೇ ಆಡಿಸುತ್ತಾನೆ. ಹೋದ ತಿಂಗಳು ನೋಡಲು ಹೋಗಿದ್ದೆ. ಆಡುವವರಲ್ಲಿ ಇಬ್ಬರು ಹೊಡೆದಾಟಕ್ಕಾಗಿ ಹಟ ಹಿಡಿದಿದ್ದರು, ಒಬ್ಬಳು ಮಾತು ಬಿಡಲೊಲ್ಲಳು. ಅಲಾದಾರ್ ಕನ್ನಡಕ ಮೇಲೆ ಸರಿಸಿ, ಅವರ ಜಗಳ ಮುಗಿಯಲೆಂದು ಸುಮ್ಮನೆ ಕಾಯುತ್ತಿದ್ದ.