ಸಿದ್ದಮ್ಮನವರ ಕೊಳಗದಲ್ಲಿ ಬೇಲದ ಪಾನಕ

ಎಪ್ಪತ್ತೆಂಟನೇ ಇಸವಿಯ ಬೇಸಿಗೆ. ಆಗ ನಾನು ತಿಪಟೂರಿನ ಸುತ್ತಲ ಊರುಗಳಿಗೆ ಮದುವೆ ಅಡುಗೆಗೆ ಹೋಗುತ್ತಿದ್ದೆ. ಓದಿದ್ದು ಮೂರನೇ ಕ್ಲಾಸು. ಸಾರು, ಪಲ್ಯ ಯಾರು ಬೇಕಾದರೂ ಮಾಡುತ್ತಾರೆ, ನನ್ನನ್ನು ಹುಡುಕಿಕೊಂಡು ಬರುತ್ತಿದ್ದುದು ಪಾನಕಕ್ಕೆ. ಗಂಡಿನವರ ದಿಬ್ಬಣ ಬಂದು ಇಳಿದ ಕೂಡಲೇ ಕಾಲಿಗೆ ನೀರು, ಕೈಗೆ ಪಾನಕ ಕೊಡುವುದು ನಮ್ಮ ಕಡೆಯ ಪದ್ಧತಿ. ಅದೊಂದು ಕೆಟ್ಟರೆ ಬೀಗರು ಮೊಮ್ಮಕ್ಕಳ ಕಾಲದವರೆಗೂ ಆಡಿಕೊಳ್ಳುತ್ತಾರೆ.

ನನ್ನದು ಬೇಲದ ಹಣ್ಣಿನ ಪಾನಕ. ತಿರುಳನ್ನು ನೀರಿನಲ್ಲಿ ಕಿವುಚಿ, ನಾರು ಬೀಜ ಸೋಸಿ, ಬೆಲ್ಲ ಕರಗಿಸಿ, ಶುಂಠಿ ಏಲಕ್ಕಿ ಕುಟ್ಟಿ ಹಾಕಬೇಕು. ನಿಂಬೆರಸ ಹಿಂಡಿ, ನಿಂಬೆಯಂತೆ ಘಮ್ಮೆನ್ನುವ ಮಜ್ಜಿಗೆಹುಲ್ಲು ಕುದಿಸಿ ಆರಿಸಿದ ನೀರನ್ನು ಕೊನೆಗೆ ಬೆರೆಸಬೇಕು. ಹಿಂದಿನ ಸಂಜೆಯೇ ಮಾಡಿ ಮಣ್ಣಿನ ಗುಡಾಣದಲ್ಲಿ ನಿಲ್ಲಿಸಿದರೆ ಮರುದಿನಕ್ಕೆ ರುಚಿ ಕೂಡುತ್ತದೆ. ಮಣ್ಣಾದರೆ ತಣ್ಣಗೂ ಇರುತ್ತದೆ, ಹುಳಿ ಅದಕ್ಕೆ ಏನೂ ಮಾಡುವುದಿಲ್ಲ.

ಹಾಲ್ಕುರಿಕೆ ಕಡೆಯ ಒಂದು ಊರಿನಲ್ಲಿ ಗಂಗಾಧರಪ್ಪ ಎನ್ನುವ ತೋಟದ ಕುಳದ ಮಗಳ ಮದುವೆ. ಗಂಡು ಕಂದಿಕೆರೆ ಕಡೆಯವನು. ದಿಬ್ಬಣದಲ್ಲಿ ನೂರೈವತ್ತು ಜನ, ಚಪ್ಪರದ ದಿನ ಮಧ್ಯಾಹ್ನಕ್ಕೆ ಬರುತ್ತಾರೆ ಎಂದಿದ್ದರು. ನಾನು ನಂಜಮ್ಮನನ್ನು ಕರೆದುಕೊಂಡು ಹಿಂದಿನ ದಿನವೇ ಹೋದೆ. ನಂಜಮ್ಮ ನನ್ನ ಓರಗೆಯವಳು, ಎಂಟು ವರ್ಷದಿಂದ ನನ್ನ ಜೊತೆ ಒಲೆ ಮುಂದೆ ನಿಂತವಳು.

ಗುಡಾಣ ಕೇಳಿದರೆ ಮನೆಯೊಡತಿ ಸಿದ್ದಮ್ಮ ಮುಖ ಗಂಟು ಹಾಕಿದರು. ಬೀಗರ ಎದುರಿಗೆ ಮಣ್ಣಿನ ಪಾತ್ರೆ ಇಡುವ ಮನೆ ತಮ್ಮದಲ್ಲವಂತೆ. ಅವರು ಮದುವೆಯಾಗಿ ಬಂದಾಗ ತವರಿನಿಂದ ಕೊಟ್ಟ ದೊಡ್ಡ ಹಿತ್ತಾಳೆ ಕೊಳಗವಿತ್ತು, ಅದರ ಕಂಠದ ಮೇಲೆ ಅವರಪ್ಪನ ಹೆಸರು ಕೆತ್ತಿಸಿತ್ತು. ಮಗಳ ಮದುವೆಯ ಪಾನಕ ಅದರಲ್ಲೇ ಆಗಬೇಕು ಎಂದರು.

ಹಿತ್ತಾಳೆಯಲ್ಲಿ ಹುಳಿ ನಿಲ್ಲಿಸಬೇಕಾದರೆ ಒಳಮೈಗೆ ಕಲಾಯಿ ಇರಲೇಬೇಕು. ಕಲಾಯಿ ಎಂದರೆ ಪಾತ್ರೆಯನ್ನು ಕಾಯಿಸಿ ಒಳಗೆ ಬಳಿಯುವ ತವರದ ಲೇಪ. ಅದಿಲ್ಲದಿದ್ದರೆ ಹುಳಿಗೆ ಹಿತ್ತಾಳೆ ಕಿಲುಬು ಬಿಟ್ಟು ತಿಂದವರಿಗೆ ವಾಂತಿಯಾಗುತ್ತದೆ. ಕಲಾಯಿ ಆಗಿದೆಯೇ ಎಂದು ಕೇಳಿದೆ.

"ಹೋದ ತಿಂಗ್ಳು ಎಲ್ಲಾ ಪಾತ್ರೆಗೂ ಮಾಡ್ಸಿದೀವಿ ಬುಡು ದೇವೀರಮ್ಮ" ಎಂದರು.

ಉಗ್ರಾಣದಲ್ಲಿ ಮಬ್ಬು. ಕೊಳಗದ ಬಾಯಿಯ ಕೆಳಗೆ ಗೇಣುದ್ದ ಬೆಳ್ಳಗೆ ಕಂಡಿತು. ಕೈ ಇಳಿಬಿಟ್ಟು ತಳ ಉಜ್ಜಿ ನೋಡುವುದು ನನ್ನ ಕ್ರಮ, ಅವತ್ತು ನೋಡಲಿಲ್ಲ. ದೊಡ್ಡ ಮನೆಯವರ ಮಾತಿನ ಮೇಲೆ ಮಾತೇಕೆ ಎಂದು ಬಿಟ್ಟೆ. ತಪ್ಪು ಅವರದೂ ಹೌದು, ಆದರೆ ಕೆಲಸ ಒಪ್ಪಿಕೊಂಡವಳು ನಾನು. ನೂರು ಬೇಲದ ಹಣ್ಣು, ಮನೆಯಲ್ಲಿದ್ದ ಅರ್ಧ ಬೆಲ್ಲ ಅದಕ್ಕೆ ಹೋಯಿತು. ಉಳಿದರ್ಧ ಹೋಳಿಗೆ ಹೂರಣಕ್ಕೆ ಬೆಂದಿತು.

ಬೆಳಿಗ್ಗೆ ಒಂಬತ್ತಕ್ಕೆ ಒಂದು ಸೌಟು ಬಗ್ಗಿಸಿಕೊಂಡು ಬಾಯಿಗಿಟ್ಟೆ. ನಾಲಗೆ ಹಿಂಡಿದಂತಾಯಿತು, ಹಳೇ ಕಾಸನ್ನು ಚೀಪಿದ ಹಾಗೆ. ಉಗುಳಿದೆ. ಕೈ ಇಳಿಬಿಟ್ಟು ಕೊಳಗದ ಒಳಮೈ ಉಜ್ಜಿದರೆ ಬೆರಳಿಗೆ ಹಸಿರು ಹತ್ತಿತು. ನಂಜಮ್ಮ ಆಗಲೇ ಎರಡು ಲೋಟ ಕುಡಿದಿದ್ದಳು. ಒಂಚೂರು ನಾಲಗೆ ಹಿಡಿಯುತ್ತದೆ, ಅಷ್ಟೇ ಎಂದಳು.

ಸಿದ್ದಮ್ಮನವರನ್ನು ಕರೆದು ಬೆರಳು ತೋರಿಸಿದೆ. ಅವರು ಬಾಗಿಲು ಮುಂದೆ ಮಾಡಿ ದನಿ ತಗ್ಗಿಸಿದರು.

"ಏಲಕ್ಕಿ ಇನ್ನೊಂದಿಷ್ಟು ಕುಟ್ಟಾಕು. ಗೊತ್ತಾಗಾಕಿಲ್ಲ."

"ನಾಲಗೆಗೆ ಗೊತ್ತಾಗಾಕಿಲ್ಲ ಅಮ್ಮಾರೇ, ಹೊಟ್ಟೆಗೆ ಗೊತ್ತಾಯ್ತದೆ" ಎಂದೆ.

ಇನ್ನು ಮಾತಿಗೆ ನಿಂತರೆ ನನ್ನನ್ನೇ ಒಪ್ಪಿಸಿಬಿಡುತ್ತಾರೆ ಅನ್ನಿಸಿತು. ಇಬ್ಬರು ಆಳುಗಳನ್ನು ಕರೆದು ಕೊಳಗವನ್ನು ತಿಪ್ಪೆಯವರೆಗೆ ಹೊರಿಸಿ, ನಾನೇ ಕೈ ಕೊಟ್ಟು ಬಗ್ಗಿಸಿದೆ. ಸಿದ್ದಮ್ಮ ತಲೆಯ ಮೇಲೆ ಕೈ ಹೊತ್ತು ಕೂತರು. ಗಂಗಾಧರಪ್ಪ ಬಂದು ಯಾರನ್ನು ಕೇಳಿ ಚೆಲ್ಲಿದೆ ಎಂದು ಗದರಿದರು. ಇವಳೊಬ್ಬಳ ನಾಲಗೆ ನಂಬಿಕೊಂಡು ಮನೆಯ ಮಾನ ತಿಪ್ಪೆಗೆ ಹೋಯಿತು ಎಂದರು. ಅವರ ಸಿಟ್ಟು ತಪ್ಪಲ್ಲ. ಬೇಲ ಇಲ್ಲ, ಬೆಲ್ಲ ಇಲ್ಲ, ತಿಪಟೂರಿಗೆ ಹೋಗಿ ಬರುವ ಬಸ್ಸು ಮಧ್ಯಾಹ್ನದ ಮೇಲೆ. ಉಳಿದಿದ್ದು ಮೂವತ್ತು ನಿಂಬೆಹಣ್ಣು, ಹಿತ್ತಲಿನ ಮಜ್ಜಿಗೆಹುಲ್ಲು.

ನೂರು ಎಳನೀರು ಕೆಡವಿಸಿಕೊಡಿ ಎಂದು ಕೇಳಿದೆ.

ಬೇರೆ ಸೀಮೆಯವರಿಗೆ ಇದು ದೊಡ್ಡದಲ್ಲ ಅನ್ನಿಸಬಹುದು. ನಮ್ಮಲ್ಲಿ ಕಾಯಿ ಬಲಿತು, ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಕೂತು, ನೀರು ಆರಿ, ಒಣಗಿದ ತಿರುಳಿನ ಉಂಡೆ, ಅಂದರೆ ಗಿಟಕು, ಒಳಗೆ ಲೊಡಲೊಡ ಅಂದಮೇಲೇ ಅದು ಕೊಬ್ಬರಿ, ಅದೇ ವರ್ಷದ ದುಡ್ಡು. ಎಳೆಯದನ್ನು ಕೀಳುವುದು ಕಾಯಿಲೆಯವರಿಗೆ ಒಂದೋ ಎರಡೋ ಮಾತ್ರ.

"ಹಸುಗೂಸಿನ ಕತ್ತು ಕುಯ್ಯಿ ಅಂದಂಗಾಯ್ತು ಕಣಮ್ಮ" ಎಂದು ಗಂಗಾಧರಪ್ಪ ಬೆನ್ನು ತಿರುಗಿಸಿದರು.

ಅಷ್ಟರಲ್ಲಿ ಕೊಟ್ಟಿಗೆಯ ಪಕ್ಕದಲ್ಲಿ ನಂಜಮ್ಮ ಕುಕ್ಕರಗಾಲಲ್ಲಿ ಕೂತು ವಾಂತಿ ಮಾಡಿಕೊಳ್ಳುತ್ತಿದ್ದಳು. ಒಂದಲ್ಲ, ಮೂರು ಸಲ. ಮುಖವೆಲ್ಲ ಬೆವರು. ಗಂಗಾಧರಪ್ಪ ಅವಳನ್ನು ನೋಡಿದರು, ತಿಪ್ಪೆಯನ್ನು ನೋಡಿದರು. ಎರಡೇ ಲೋಟಕ್ಕೆ ಇಷ್ಟಾದರೆ ನೂರೈವತ್ತು ಬೀಗರ ಗತಿ ಏನಾಗುತ್ತಿತ್ತು ಎಂದು ನಾನು ಬಾಯಿಬಿಟ್ಟು ಹೇಳಬೇಕಾಗಲಿಲ್ಲ.

"ಚನ್ನ, ಹಿಂದ್ಲ ಸಾಲ್ಗೆ ಹತ್ತಲಾ" ಎಂದು ಆಳನ್ನು ಕರೆದು ಹೇಳಿದರು. ದನಿ ಸಣ್ಣಗಿತ್ತು.

ಮೊದಲ ಎಳನೀರು ನಂಜಮ್ಮನಿಗೆ ಕುಡಿಸಿದೆ. ಮಿಕ್ಕವನ್ನು ಆಳುಗಳೂ ನಾನೂ ಕೆತ್ತಿ ಕೆತ್ತಿ, ಸಿದ್ದಮ್ಮ ಬೇಡವೆಂದಿದ್ದ ಗುಡಾಣಗಳಿಗೇ ಸುರಿದೆವು. ಗಂಜಿಯಂತಿದ್ದ ಎಳೆ ತಿರುಳನ್ನು ಕೆರೆದು ಕಿವುಚಿ ಹಾಕಿದೆ, ನಿಂಬೆ ಹಿಂಡಿದೆ, ಮಜ್ಜಿಗೆಹುಲ್ಲು ಜಜ್ಜಿ ಬಟ್ಟೆಯಲ್ಲಿ ಕಟ್ಟಿ ಇಳಿಬಿಟ್ಟೆ, ಚಿಟಿಕೆ ಉಪ್ಪು ಹಾಕಿದೆ. ಹನ್ನೆರಡೂವರೆಗೆ ದಿಬ್ಬಣದ ಲಾರಿ ಬಂದಾಗ ನನ್ನ ಕೈ ಇನ್ನೂ ಒದ್ದೆ.

ಬೀಗರು ಕುಡಿದರು. ಗಂಡಿನ ಸೋದರಮಾವ ಮೂರನೇ ಲೋಟಕ್ಕೆ ಕೈ ಚಾಚಿ ನಕ್ಕ.

"ಏನ್ ಗಂಗಾಧರಪ್ಪೋರೇ, ಗಿಟಕಾಗೋದ್ನೆಲ್ಲ ಕುಡುಸ್ತಾ ಇದೀರಿ. ಹೆಣ್ಣು ಸಾಗಾಕೋ ಸಂತೋಷಕ್ಕಾ?"

"ನಿಮ್ಗಲ್ದೆ ಇನ್ಯಾರಿಗ್ ಕುಡುಸಾನ ಬುಡಿ" ಎಂದರು ಗಂಗಾಧರಪ್ಪ, ಮೀಸೆ ಸವರಿಕೊಂಡು. ಸೀಮೆಗೇ ಉದಾರಿ ಅನ್ನಿಸಿಕೊಂಡರು. ಅನ್ನಿಸಿಕೊಳ್ಳಲಿ.

ನಾನು ಅಡುಗೆಮನೆಗೆ ಹೋಗಿ ಗೋಡೆಗೆ ಒರಗಿ ಕೂತೆ. ನಂಜಮ್ಮ ಸಂಜೆಗೆ ಎದ್ದು ಕೂತು, ಹೋಳಿಗೆ ಎಷ್ಟು ಉಳಿದಿದೆ ಎಂದು ವಿಚಾರಿಸಿದಳು. ಇನ್ನು ಇವಳಿಗೆ ಏನೂ ಆಗುವುದಿಲ್ಲ ಎಂದುಕೊಂಡೆ. ಸಿದ್ದಮ್ಮ ಬಂದು ಪಕ್ಕದಲ್ಲಿ ಕೂತರು. ಕಲಾಯಿಯವನ ಒಲೆಗೆ ಅಷ್ಟು ದೊಡ್ಡ ಕೊಳಗ ಹಿಡಿಯಲಿಲ್ಲವಂತೆ, ಅದೊಂದನ್ನು ಬಿಟ್ಟು ಹೋಗಿದ್ದನಂತೆ. ಬಾಯಿಯ ಹತ್ತಿರ ನನಗೆ ಬೆಳ್ಳಗೆ ಕಂಡದ್ದು ಸವೆದು ಉಳಿದ ಹಳೇ ಕಲಾಯಿ. ನಿನ್ನೆ ಹೇಳಲು ಅಭಿಮಾನ ಅಡ್ಡ ಬಂತು ಎಂದರು. ನಾನೂ ಕೈ ಹಾಕಿ ನೋಡಲಿಲ್ಲ ಎಂದೆ. ಅಲ್ಲಿಗೆ ಮುಗಿಯಿತು.

ಆಮೇಲೆ ಇಪ್ಪತ್ತು ವರ್ಷ ಈ ಕೆಲಸ ಮಾಡಿದೆ. ಯಾರು ಏನೇ ಹೇಳಲಿ, ತಳ ಉಜ್ಜದೆ ಒಂದು ಪಾತ್ರೆಯನ್ನೂ ಒಪ್ಪಲಿಲ್ಲ. ಅನುಮಾನ ಬಂದದ್ದನ್ನು ಚೆಲ್ಲುವುದಕ್ಕೆ ಯಾರ ಅಪ್ಪಣೆಗೂ ಕಾಯಲಿಲ್ಲ. ಅವತ್ತು ಕುಡಿದ ನೂರೈವತ್ತು ಜನರಲ್ಲಿ ಆ ಪಾನಕದ ನೆನಪು ಯಾರಿಗೂ ಇರಲಾರದು. ಉಂಡರು, ಧಾರೆ ನೋಡಿದರು, ಊರು ಸೇರಿದರು. ಅಡುಗೆಯವಳಿಗೆ ಅಷ್ಟಾದರೆ ಸಾಕು.