ಸತ್ತ ಮ್ಯಾಲ ಹಾಡಿತು, ಯಾವುದು?

ಗಜೇಂದ್ರಗಡದ ನನ್ನ ಗೆಳೆಯ ಸೀರೆ ನೇಯುತ್ತಿದ್ದ. ನಾನು ನರಗುಂದದ ಕಾಳುಕಡಿ ವ್ಯಾಪಾರಿ. ಇಬ್ಬರಿಗೂ ಗೀಗೀ ಪದದ ಹುಚ್ಚು. ಮೇಳದಲ್ಲಿ ಒಬ್ಬರು ಹಾಡಿನಲ್ಲೇ ಸವಾಲು ಹಾಕಿದರೆ ಎದುರಿನವರು ಹಾಡಿನಲ್ಲೇ ಜವಾಬು ಕೊಡಬೇಕು. ಮೇಳ ಕೂಡಿಸಲು ನಮಗೆ ಪುರುಸೊತ್ತೆಲ್ಲಿ? ಮೊಬೈಲಿನಲ್ಲೇ ಹಾಡಿ ಕಳಿಸುತ್ತಿದ್ದೆವು. ಪದ ಹೊಸದಾಗಿ ಕಟ್ಟಿದ್ದೇ ಆಗಿರಬೇಕು. ಜವಾಬು ತಪ್ಪಿದರೆ ಸವಾಲು ಹಾಕಿದವನೇ ಸರಿಯಾದದ್ದನ್ನು ಹಾಡಬೇಕು. ಕೊನೆಗೆ ಇಬ್ಬರೂ ಕೂಡಿ ಮಂಗಳ ಹಾಡಿದರೆ ಆ ಸುತ್ತು ಮುಗಿದಂತೆ.

ನನ್ನ ಮೊದಲ ಪದ ಕೇಳಿ, ಇದೇನು ಪದವೋ ಜೋಳದ ದರಪಟ್ಟಿಯೋ ಎಂದು ಅಣಕಿಸಿದ್ದ. ನನಗೆ ಸಿಟ್ಟು ನೆತ್ತಿಗೇರಿತು. ಖರೇ ಹೇಳಬೇಕೆಂದರೆ, ಆ ಸಿಟ್ಟಿನಲ್ಲೇ ಪದ ಕಟ್ಟುವುದನ್ನು ಕಲಿತೆ.

ಹೋದ ವರ್ಷ ಅವನಿಗೆ ಗಂಟಲ ಕ್ಯಾನ್ಸರ್ ಆಯಿತು. ದನಿ ಪೂರ್ತಿ ಅಡಗುವ ಮುಂಚೆ ಒಂದು ಸವಾಲು ಕಳಿಸಿದ:

“ಇದ್ದಾಗ ಬರೇ ಒದರಿತು, ಸತ್ತ ಮ್ಯಾಲ ಹಾಡಿತು, ಯಾವುದು ಹೇಳೋ ದೋಸ್ತ?”

ಕೇಳಿದ ಕೂಡಲೇ ಹೊಳೆಯಿತು. ಆಡು, ಅದರ ಚರ್ಮವನ್ನೇ ತಾನೇ ನಮ್ಮ ಡಪ್ಪಿಗೆ ಬಿಗಿಯುವುದು! ಆದರೂ ಹಾಡಲಿಲ್ಲ. ಸವಾಲು ಬಾಕಿ ಇರುವತನಕ ಅವನು ಹೋಗಲಾರ ಎಂಬ ಹುಚ್ಚು ನಂಬಿಕೆ ನನ್ನದು. ಹೋಗಿಯೇ ಬಿಟ್ಟ, ಮೋಸಗಾರ.

ಹೋದವನ ದನಿ ಮಾತ್ರ ಹೋಗಲಿಲ್ಲ. ಕಾಳು ತೂಗುವಾಗ, ರೋಣದ ಬಸ್ಸಿನಲ್ಲಿ ಕೂತಾಗ, ಕೈಯಲ್ಲಿ ತುತ್ತು ಹಿಡಿದಾಗ, ‘ಯಾವುದು ಹೇಳೋ’ ಎನ್ನುತ್ತಿತ್ತು. ಅಂಗಡಿಗೆ ಬಂದ ರೈತರ ಮಾತೂ ಕಿವಿಗೆ ಬೀಳುತ್ತಿರಲಿಲ್ಲ. ಒಂದು ದಿನ ಅವನ ಹೆಂಡತಿ ಫೋನ್ ಮಾಡಿದಳು. ಮಗ್ಗದ ಕೋಣೆಯಲ್ಲಿ ಅವಳಿಗೂ ಅದೇ ದನಿಯಂತೆ. ಬಂದು ಜವಾಬು ಹಾಡಿ, ಅವರನ್ನು ಕಳಿಸಿಕೊಡಿ ಎಂದಳು.

ಹೋದೆ. ಅವನ ಡಪ್ಪನ್ನು ಬಿಸಿಲಿಗೆ ಕಾಯಿಸಿ, ಮಗ್ಗದ ಎದುರು ಕೂತು, ಬೇಕಂತಲೇ ‘ಕಾಗೆ’ ಎಂದು ಹಾಡಿದೆ. ತಪ್ಪಾದರೆ ತಿದ್ದಲು ಅವನೇ ಬರಬೇಕಲ್ಲ! ಹಾಡು ನಿಲ್ಲಿಸಿ ಕಾದೆ.

ಅವನ ಹೆಂಡತಿ ನನ್ನ ಕೈಯಿಂದ ಡಪ್ಪು ತೆಗೆದುಕೊಂಡಳು.

“ಗೊತ್ತಿದ್ರೂ ತಪ್ಪ ಹಾಡ್ತಾನ ಅಂತ ಅವರು ಮೊದಲ ಹೇಳಿದ್ರು, ಅಣ್ಣಾರ. ಖರೇ ಜವಾಬ ನನಗ ಕಲಿಸಿ ಹೋಗ್ಯಾರ.”

ಎಂದೂ ಹಾಡದವಳು ಹಾಡಿದಳು. ಅವನದೇ ಧಾಟಿ, ನಡುವೆ ನನ್ನನ್ನು ಅಣಕಿಸುವ ಅವನದೇ ನುಡಿ. ನಾನು ಗಳಗಳನೆ ಅತ್ತೆ. ಆಮೇಲೆ ಇಬ್ಬರೂ ಕೂಡಿ ಮಂಗಳ ಹಾಡಿದೆವು.

ಅವತ್ತಿನಿಂದ ಅವನ ದನಿ ಕೇಳಿಸಿಲ್ಲ. ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತು ಕಿವಿಗೊಟ್ಟು ಕೂರುತ್ತೇನೆ. ಹಾಳಾದವನು ಒಮ್ಮೆಯೂ ಬರುವುದಿಲ್ಲ.